ನಿಮ್ಮ ಚಿತ್ರ ನಮಗೂ ತೋರಿಸಿ

ನಮ್ಮ ಮನೆಗಳಲ್ಲಿ ಇಂದು ಯಾವುದಕ್ಕೆ ಬರ ಬಂದರೂ ಚಿತ್ರಗಳಿಗೆ ಮಾತ್ರ ಬರವಿಲ್ಲ. ಮಗುವಿನ ನಾಮಕರಣ, ಹೊಸ ಅಂಗಡಿಯ ಪ್ರಾರಂಭ, ಶ್ರವಣಬೆಳಗೊಳದ ಯಾತ್ರೆ, ಅಷ್ಟೇಕೆ, ಮಧ್ಯಾಹ್ನದ ಊಟದ ತಟ್ಟೆಯೂ ಮೊಬೈಲ್ ಫೋನಿನೊಳಗೆ ಸೇರಿಬಿಡುತ್ತದೆ. ಅಗ್ಫಾ ಕ್ಲಿಕ್-3 ಕ್ಯಾಮೆರಾದ ಕಾಲವನ್ನು ಕಂಡ ಹಿರಿಯರಿಗೆ ಇದು ಪವಾಡವೆನ್ನಿಸಿದರೆ ಆಶ್ಚರ್ಯವಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕರಿಯ ಪೆಟ್ಟಿಗೆಗೆ ಒಂದು ರೋಲು ಹಾಕಿದರೆ ಸಿಗುತ್ತಿದ್ದುದು 12 ಚಿತ್ರ. ಮದುಮಕ್ಕಳಿಗೆ ನಾಲ್ಕು, ಬೀಗರಿಗೆ ಎರಡು, ಅಜ್ಜ ಅಜ್ಜಿಯರಿಗೆ ಒಂದು ಎಂದು ಮೊದಲೇ ಲೆಕ್ಕ ಹಾಕಿ, ಉಳಿದದ್ದನ್ನು ಮುಂದಿನ ಹಬ್ಬಕ್ಕೆ ಕಾದಿಡುತ್ತಿದ್ದರು. ರೋಲು ಮುಗಿಯದೆ ತೊಳೆಯಲು ಕೊಡುವ ಮಾತೇ ಇರಲಿಲ್ಲ.

ಆದರೆ ಆ 12 ಚಿತ್ರಗಳನ್ನು ಜನ ನೋಡುತ್ತಿದ್ದರು. ಬಂದ ಬೀಗರ ಕೈಗೆ ಚಹಾದ ಜೊತೆಗೇ ಆಲ್ಬಂ ಬರುತ್ತಿತ್ತು. ಪಕ್ಕದಲ್ಲಿ ಕುಳಿತು, ಬೆರಳಿಟ್ಟು, “ಇವರು ಯಾರು, ಹುಬ್ಬಳ್ಳಿಯ ಅತ್ತೆಯೇ?” ಎಂದು ವಿಚಾರಿಸುತ್ತಿದ್ದರು. ಇಂದು ಒಂದು ಮದುವೆಯ ನಾನೂರು ಚಿತ್ರಗಳು ವಾಟ್ಸಾಪ್ ಗುಂಪಿಗೆ ಒಟ್ಟಿಗೆ ಬಂದು ಬೀಳುತ್ತವೆ. ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಚಿತ್ರ ತೆಗೆದವನಿಗೆ ಅದು ಹೇಗಿತ್ತೆಂದು ತಿಳಿಯುವುದಿಲ್ಲ, ಹೆಬ್ಬೆರಳು ಎತ್ತಿದವರಿಗೆ ತಾವು ಏನು ಕಂಡೆವೆಂದು ನೆನಪಿರುವುದಿಲ್ಲ.

ಇಂಥ ಕಾಲದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಮೂರು ಊರುಗಳ ಕೆಲವು ಹವ್ಯಾಸಿ ಛಾಯಾಗ್ರಾಹಕರು ಮೂರು ತಿಂಗಳಿಗೊಮ್ಮೆ ಒಂದು ಮನೆಯ ಪಡಸಾಲೆಯಲ್ಲಿ ಸೇರಿ, ತಾವು ಈಚೆಗೆ ತೆಗೆದದ್ದರಲ್ಲಿ ತಮಗೆ ಅತ್ಯಂತ ಮೆಚ್ಚಿನದಾದ ಒಂದೇ ಒಂದು ಚಿತ್ರವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ ಎಂಬ ಸುದ್ದಿ ನಮ್ಮ ಕಿವಿಗೆ ಬಿತ್ತು. ಕಳೆದ ಸಲದ ಕೂಟಕ್ಕೆ ನಾವೂ ಹೋಗಿ ಕುಳಿತೆವು. ಅಲ್ಲಿ ಕಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಇವರಲ್ಲಿ ಯಾರಿಗೂ ಛಾಯಾಗ್ರಹಣ ಹೊಟ್ಟೆಪಾಡಲ್ಲ. ಒಬ್ಬರದು ಬಟ್ಟೆ ಅಂಗಡಿ, ಇಬ್ಬರದು ಕಿರಾಣಿ, ಒಬ್ಬರದು ಔಷಧದ ಅಂಗಡಿ, ಒಬ್ಬರು ಒಣದ್ರಾಕ್ಷಿಯ ವ್ಯಾಪಾರಿ. ಇಬ್ಬರು ಗೃಹಿಣಿಯರು, ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ. ದೂರದಲ್ಲಿರುವವರು, ಎಂದರೆ ಆದೋನಿಯ ಒಬ್ಬರು ಮತ್ತು ವಯನಾಡಿನ ಸುಲ್ತಾನ್ ಬತ್ತೇರಿಯ ಒಬ್ಬ ಕಾಫಿ ಬೆಳೆಗಾರರು, ಪ್ರಿಂಟನ್ನು ಅಂಚೆಯಲ್ಲಿ ಕಳಿಸುತ್ತಾರೆ. ಕೂಟಕ್ಕೆ ಹೆಸರಿಲ್ಲ, ರಸೀತಿ ಪುಸ್ತಕವಿಲ್ಲ, ಅಧ್ಯಕ್ಷರೂ ಇಲ್ಲ. ಅಧ್ಯಕ್ಷರಿಲ್ಲದ ಬಳಗ ನಮ್ಮ ಸಮಾಜದಲ್ಲಿ ಇದೊಂದೇ ಇರಬೇಕು!

ನಿಯಮಗಳು ಮಾತ್ರ ಕಟ್ಟುನಿಟ್ಟು. ಚಿತ್ರ ಕಳೆದ ಮೂರು ತಿಂಗಳೊಳಗೆ ತೆಗೆದದ್ದಾಗಿರಬೇಕು. ಫೋನಿನಲ್ಲಿ ತೋರಿಸುವಂತಿಲ್ಲ, 8ಕ್ಕೆ 12 ಅಂಗುಲದ ಪ್ರಿಂಟು ತರಬೇಕು. ಪ್ರಿಂಟು ಕೈಯಿಂದ ಕೈಗೆ ಒಂದು ಸುತ್ತು ಬರುವ ತನಕ ಯಾರೂ ಮಾತನಾಡುವುದಿಲ್ಲ. ಆಮೇಲೆ ಪ್ರತಿಯೊಬ್ಬರೂ ತಮಗೆ ಕಂಡದ್ದನ್ನು ಹೇಳುತ್ತಾರೆ. ಚಿತ್ರ ತೆಗೆದವರಿಗೆ ಬಾಯಿ ಬಿಡುವ ಅಧಿಕಾರ ಕೊನೆಗೆ. ಕೂಟ ಮಧ್ಯಾಹ್ನ 2 ಗಂಟೆಗೇ ಶುರು. ಹೊತ್ತು ಮುಳುಗುವ ಮುನ್ನ ಊಟ ಆಗಬೇಕಲ್ಲ ಎಂಬುದು ಒಂದು ಕಾರಣ, ಕಿಟಕಿಯ ಬೆಳಕಿನಲ್ಲಿ ಪ್ರಿಂಟು ನೋಡುವ ಹಾಗೆ ಟ್ಯೂಬ್‌ಲೈಟಿನಲ್ಲಿ ನೋಡಲಾಗದು ಎಂಬುದು ಇನ್ನೊಂದು.

ಹಳೆಯ ಪದ್ಧತಿಯೇ

ಹೀಗೆ ಚಿತ್ರಗಳನ್ನು ಹಂಚಿಕೊಂಡು ನೋಡುವುದು ನಮ್ಮ ದೇಶದಲ್ಲಿ ಛಾಯಾಗ್ರಹಣದಷ್ಟೇ ಹಳೆಯದು. ಪ್ಯಾರಿಸಿನಲ್ಲಿ 1839ರಲ್ಲಿ ಡಾಗೇರನ ವಿಧಾನ ಪ್ರಕಟವಾಯಿತು. ಹದಿನೈದೇ ವರ್ಷಗಳಲ್ಲಿ, 1854ರಲ್ಲಿ, ಮುಂಬಯಿಯ ಹವ್ಯಾಸಿಗಳು ತಮ್ಮದೇ ಒಂದು ಛಾಯಾಗ್ರಹಣ ಸಂಘ ಕಟ್ಟಿಕೊಂಡರು. ಆ ಸಂಘದ ಆಶ್ರಯದಲ್ಲಿ 1856ರ ಕೊನೆಯಿಂದ ಸುಮಾರು ಎರಡು ವರ್ಷ ಕಾಲ ಹವ್ಯಾಸಿಗಳಿಗಾಗಿಯೇ ಒಂದು ಮಾಸಿಕ ಆಲ್ಬಂ ಹೊರಟಿತು. ಪತ್ರಿಕೆಯಲ್ಲಿ ಚಿತ್ರ ಅಚ್ಚು ಹಾಕುವ ತಂತ್ರ ಆಗ ಇರಲಿಲ್ಲ. ಆದ್ದರಿಂದ ಪ್ರತಿ ಸಂಚಿಕೆಯ ಪ್ರತಿಯೊಂದು ಪ್ರತಿಗೂ ನಿಜವಾದ ಪ್ರಿಂಟುಗಳನ್ನೇ ಅಂಟಿಸಿ ಕೊಡುತ್ತಿದ್ದರು, ಸಂಚಿಕೆಗೆ ಮೂರರಂತೆ. ಮಾಸಪತ್ರಿಕೆ ಹೊರಡಿಸುವ ಕಷ್ಟ ಬಲ್ಲ ನಮಗೆ ಇದನ್ನು ನೆನೆದರೇ ಕೈ ನೋಯುತ್ತದೆ.

ಅದೇ ದಶಕದಲ್ಲಿ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯೂ ಪಿಗೂ ಎಂಬ ವೈದ್ಯರೂ ಬಿಜಾಪುರ, ಬಾದಾಮಿ, ಹಳೇಬೀಡುಗಳ ಗುಡಿ ಗುಮ್ಮಟಗಳ ಚಿತ್ರ ತೆಗೆದರು. ಮೂಲತಃ ಇಬ್ಬರೂ ಬೇರೆ ಕಸುಬಿನವರು. ಆ ಚಿತ್ರಗಳು ಪುಸ್ತಕವಾಗಿ ಹೊರಬಂದದ್ದು 1866ರಲ್ಲಿ. ಬಿಗ್ಸ್ ತೆಗೆದ ಅಹಮದಾಬಾದಿನ ಚಿತ್ರಗಳ ಪುಸ್ತಕವೂ ಅದೇ ವರ್ಷದ್ದು, ಮತ್ತು ಅದಕ್ಕೆ ಪೋಷಕರಾಗಿ ನಿಂತವರು ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದರು. ಮುಂಬಯಿಯಲ್ಲಿ ತಾಯಿಯ ಹೆಸರಿನಲ್ಲಿ ರಾಜಾಬಾಯಿ ಗೋಪುರ ಕಟ್ಟಿಸಿದ ಅದೇ ಪ್ರೇಮಚಂದರು. ಗೋಪುರದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಚಿತ್ರಸಂಪುಟದ ಕಥೆ ಗೊತ್ತಿರುವವರು ಕಡಿಮೆ.

ಫಿಲ್ಮಿನ ವಿಷಯ ಬಂದಾಗ ಕೂಟದ ಹಿರಿಯರೊಬ್ಬರು ಎತ್ತಿದ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆ ಆರಂಭಿಸಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಅವರು ವರ್ಷಗಟ್ಟಲೆ ಬಳಸಿದವರು. ಆ ಕಾರ್ಖಾನೆ ಈಗಿಲ್ಲ. ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುವ ಅಂಟು ಜೆಲಟಿನ್ ಎಂದೂ ಅದು ದನಗಳ ಎಲುಬು ಚರ್ಮಗಳಿಂದ ಬರುವುದೆಂದೂ ತಿಳಿದ ದಿನ ಅವರು ಮೂರು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲವಂತೆ. ಇದರಲ್ಲೊಂದು ವಿಚಿತ್ರವಿದೆ. ಕೆಲವು ಜೆಲಟಿನ್ ಬೆಳಕಿಗೆ ಚುರುಕಾಗಿ, ಕೆಲವು ಮಂದವಾಗಿ ಏಕೆ ಇರುತ್ತವೆ ಎಂದು ಕೊಡಾಕ್ ಕಂಪನಿಯ ವಿಜ್ಞಾನಿ ಶೆಪರ್ಡ್ 1920ರ ದಶಕದಲ್ಲಿ ಹುಡುಕಹೊರಟಾಗ ಸಿಕ್ಕಿದ್ದು ಸಾಸಿವೆ! ಸಾಸಿವೆಯ ಜಾತಿಯ ಗಿಡಗಳನ್ನು ಮೇಯ್ದ ದನದಿಂದ ಬಂದ ಜೆಲಟಿನ್ನಿನಲ್ಲಿ ಉಳಿದ ಗಂಧಕದ ಅಂಶವೇ ಫಿಲ್ಮನ್ನು ಚುರುಕು ಮಾಡುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಈ ಕಾಟವಿಲ್ಲ ನಿಜ. ಆದರೆ ಬಣ್ಣದ ಲ್ಯಾಬುಗಳಲ್ಲಿ ಪ್ರಿಂಟು ಹಾಕುವ ಬೆಳ್ಳಿಲವಣದ ಕಾಗದದಲ್ಲಿ ಜೆಲಟಿನ್ ಇಂದಿಗೂ ಇದೆ. ಅದಕ್ಕೆಂದೇ ಈ ಹಿರಿಯರು ತಮ್ಮ ಪ್ರಿಂಟುಗಳನ್ನು ಕಾರ್ಡು ಕರಪತ್ರ ಮಾಡುವ ಡಿಜಿಟಲ್ ಮುದ್ರಣದವರಲ್ಲಿ ಸಾದಾ ದಪ್ಪ ಕಾಗದದ ಮೇಲೆ ಹಾಕಿಸುತ್ತಾರೆ. ಬಣ್ಣ ಸ್ವಲ್ಪ ಕಡಿಮೆ ಬರುತ್ತದೆ. “ಬರಲಿ” ಎನ್ನುತ್ತಾರೆ. ಉಳಿದವರು ಲ್ಯಾಬಿಗೇ ಹೋಗುತ್ತಾರೆ. ಈ ವಿಷಯದಲ್ಲಿ ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ.

ಆ ದಿನದ ಚಿತ್ರಗಳು

ಮೊದಲು ಬಂದದ್ದು ಬಟ್ಟೆ ವ್ಯಾಪಾರಿಗಳ ಕೃಷ್ಣಮೃಗ. ಸೊಲ್ಲಾಪುರದ ಸಮೀಪದ ನಾನ್ನಜದ ಹುಲ್ಲುಗಾವಲು 1979ರಿಂದ ಅಭಯಾರಣ್ಯ. ಅಲ್ಲಿಗೆ ಹೆಸರು ತಂದ ಎರೆಭೂತ ಹಕ್ಕಿ, ಮರಾಠಿಯ ಮಾಳಢೋಕ, ಈಗ ಕಾಣುವುದೇ ದುರ್ಲಭವಾಗಿದೆ; ಕೃಷ್ಣಮೃಗಗಳು ಇನ್ನೂ ಇವೆ. ಚಿತ್ರದಲ್ಲಿ ಗಂಡು ಮೃಗವೊಂದು ನಾಲ್ಕೂ ಕಾಲು ನೆಲ ಬಿಟ್ಟು ನೆಗೆದಿತ್ತು. ಕಣ್ಣಿನ ಹೊಳಪು, ಕೊಂಬಿನ ಸುರುಳಿ ಎಲ್ಲ ಸ್ಪಷ್ಟ. ಹಿನ್ನೆಲೆ ಬೆಣ್ಣೆಯ ಹಾಗೆ ಮಸುಕು. ಎಲ್ಲರೂ ಭೇಷ್ ಎಂದರು. ಔಷಧದ ಅಂಗಡಿಯ ಕಾಕಾ ಮಾತ್ರ ಕನ್ನಡಕ ಸರಿಮಾಡಿಕೊಂಡು, “ಚಿತ್ರ ಛಲೋ ಅದ. ಆದರ ಇದು ನಮ್ಮ ನಾನ್ನಜ ಅಂತ ಹ್ಯಾಂಗ ತಿಳೀಬೇಕು? ಪ್ರಾಣಿಸಂಗ್ರಹಾಲಯದಾಗಿನ ಚಿಗರಿ ಅಂದ್ರೂ ಮಂದಿ ನಂಬತಾರ” ಎಂದರು. ಸರದಿ ಬಂದಾಗ ಬಟ್ಟೆ ವ್ಯಾಪಾರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಯಮ ಮುರಿದು ಫೋನು ಹೊರತೆಗೆದರು. ಅದೇ ಬೆಳಿಗ್ಗೆ ತೆಗೆದ ಇನ್ನೊಂದು ಚಿತ್ರ. ಮೃಗಗಳು ಸಣ್ಣವು, ಮುಂದೆ ಜೋಳದ ಕೂಳೆ, ಧೂಳು, ಹಿಂದೆ ಊರಿನ ನೀರಿನ ಟಾಕಿ. ಕೆಟ್ಟದೆಂದು ಬಿಟ್ಟುಬಂದ ಆ ಚಿತ್ರದ ಮುಂದೆ ಕೂಟ ಕಾಲು ಗಂಟೆ ನಿಂತಿತು.

ಆದೋನಿಯಿಂದ ಬಂದದ್ದು ಹತ್ತಿ ಮಾರುಕಟ್ಟೆಯ ಚಿತ್ರ. ಹತ್ತಿಯ ರಾಶಿಗೆ ಒರಗಿ ಒಬ್ಬ ಹಮಾಲ ನಿದ್ದೆ ಹೋಗಿದ್ದಾನೆ. ಎಲ್ಲರೂ ಕೇಳಿದ ಮೊದಲ ಪ್ರಶ್ನೆ, ಅವನನ್ನು ಕೇಳಿ ತೆಗೆದದ್ದೇ ಎಂದು. ಜೊತೆಗಿದ್ದ ಕಾಗದದಲ್ಲಿ ಉತ್ತರವಿತ್ತು: ಎದ್ದ ಮೇಲೆ ತೋರಿಸಿದೆ, ನಕ್ಕ, ಒಂದು ಪ್ರತಿ ಕೊಟ್ಟಿದ್ದೇನೆ. ಎರಡನೆಯ ತಕರಾರು ಹತ್ತಿಯ ಬಣ್ಣದ್ದು. ಹತ್ತಿ ಬೂದಿಯಂತೆ ಕಂಡಿತ್ತು. ಇದು ನಮ್ಮ ಅನೇಕ ಓದುಗರಿಗೂ ಆಗಿರುವ ತೊಂದರೆಯೇ. ಕ್ಯಾಮೆರಾದೊಳಗಿನ ಬೆಳಕಿನ ಅಳತೆಗೆ ಬಿಳಿ ಯಾವುದು ಕರಿ ಯಾವುದು ತಿಳಿಯದು. ಎದುರಿಗಿರುವುದನ್ನೆಲ್ಲ ಅದು ನಡುವಿನ ಬೂದು ಎಂದೇ ಎಣಿಸುತ್ತದೆ. ಆದ್ದರಿಂದ ಬಿಳಿಯ ರಾಶಿ, ಬಿಳಿಯ ಪಂಚೆ, ಅಮೃತಶಿಲೆಯ ಮೂರ್ತಿ ಇವು ಮಂಕಾಗುತ್ತವೆ, ಕರಿಯ ಸೀರೆ ಬೆಳ್ಳಗಾಗುತ್ತದೆ. ಬಿಳಿ ಹೆಚ್ಚಿದ್ದರೆ ಬೆಳಕನ್ನು ಒಂದೋ ಒಂದೂವರೆಯೋ ಸ್ಟಾಪ್ ಹೆಚ್ಚಿಸಬೇಕು. ಫೋನಿನಲ್ಲಾದರೆ ಪರದೆಯ ಮೇಲೆ ಬೆರಳೊತ್ತಿ, ಮೂಡುವ ಸೂರ್ಯನ ಗುರುತನ್ನು ಸರಿಸಿದರಾಯಿತು. ಎರಡು ಕ್ಷಣದ ಕೆಲಸ.

ಬತ್ತೇರಿಯವರ ಕಾಫಿ ಹೂವಿನ ಚಿತ್ರ ಚೆನ್ನಾಗಿತ್ತು. ಹೆಚ್ಚು ಹೇಳುವಂಥದಿರಲಿಲ್ಲ.

ಜತ್ತದ ಸೊಸೆಯೊಬ್ಬರು ತಂದದ್ದು ಹಪ್ಪಳದ ಚಿತ್ರ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಒಣಹಾಕಿದ್ದಾರೆ. ಅಕಾಲದ ಮಳೆ. ಮೊದಲ ಹನಿಗಳು ಸೀರೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಬಿದ್ದಿವೆ. ಎರಡು ಕಡೆಯಿಂದ ನಾಲ್ಕು ಕೈಗಳು ಸೀರೆಯ ಅಂಚು ಹಿಡಿದಿವೆ. ಮುಖಗಳೇ ಇಲ್ಲ, ಬಳೆ ಮಾತ್ರ. ಸಾಮಾನ್ಯ ಫೋನಿನಲ್ಲಿ ತೆಗೆದ ಚಿತ್ರ. ಅಲ್ಲಿದ್ದ ಒಂದು ಕ್ಯಾಮೆರಾದ ಮಸೂರದ ಬೆಲೆಯೇ ಲಕ್ಷ ದಾಟುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಎಲ್ಲರ ಮೆಚ್ಚಿಗೆ ಮುಗಿದ ಮೇಲೆ ಜೊತೆಗೆ ಬಂದಿದ್ದ ಅತ್ತೆಯವರು, “ನೀ ಫೋಟೋ ಹೊಡಕೋತ ನಿಂತಿದ್ದಿ, ಹಪ್ಪಳ ಯಾರು ಎತ್ತಿದ್ರು ಅದನ್ನೂ ಹೇಳವಾ” ಎಂದರು. ನಕ್ಕೂ ನಕ್ಕೂ ಸಾಕಾಯಿತು. ನಮ್ಮ ಮಟ್ಟಿಗೆ ಅಂದಿನ ಶ್ರೇಷ್ಠ ಚಿತ್ರ ಅದೇ.

ಗೂಡು

ಇಂಜಿನಿಯರಿಂಗ್ ಓದುವ ಹುಡುಗನ ಪ್ರಿಂಟು ಸುತ್ತು ಹಾಕುವಾಗ ಪಡಸಾಲೆ ಇನ್ನಷ್ಟು ಮೌನವಾಯಿತು. ದಾಳಿಂಬೆಯ ಗಿಡದಲ್ಲಿ ಪಿಕಳಾರ ಹಕ್ಕಿಯ ಗೂಡು. ಮೂರು ಮರಿಗಳು ಬಾಯಿ ತೆರೆದಿವೆ, ತಾಯಿಯ ಕೊಕ್ಕಿನಲ್ಲಿ ಹುಳು. ತಾಂತ್ರಿಕವಾಗಿ ಒಂದು ಕುಂದೂ ಇಲ್ಲ.

ಇಂಥ ಚಿತ್ರಗಳಿಗೆ ದೊಡ್ಡ ಪರಂಪರೆಯೇ ಇದೆ. ಛಾಯಾಚಿತ್ರ ಪ್ರದರ್ಶನಗಳಿಗೆ ‘ಸಲೂನ್’ ಎನ್ನುತ್ತಾರೆ. ನಮ್ಮ ಪೇಟೆಗಳಲ್ಲಿ ಆ ಮಾತು ಕೇಳಿದರೆ ಕ್ಷೌರಕ್ಕೆ ಹೊರಟಿದ್ದಾರೆಂದು ತಿಳಿಯುತ್ತಾರೆ, ಅದಿರಲಿ. ಹವ್ಯಾಸಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 1950ರಲ್ಲಿ, ಭಾರತದ ಒಕ್ಕೂಟ 1953ರಲ್ಲಿ, ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದವು. ಕರ್ನಾಟಕದ ಹವ್ಯಾಸಿಗಳು ವನ್ಯಜೀವಿ ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ರಾಜಮನೆತನದವರೂ ರಾಜ್ಯದ ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ, ಇವರ ಹೆಸರನ್ನು ಯಾವ ಹವ್ಯಾಸಿಯೂ ಬಲ್ಲ. ಆ ಕಾಲದ ಫಿಲ್ಮು ಮಂದ, ದೂರದ ಮಸೂರ ದುಬಾರಿ. ಹಕ್ಕಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುವುದು ಗೂಡಿಗೆ ಮಾತ್ರ. ಆದ್ದರಿಂದ ಗೂಡಿನ ಬಳಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವುದು ಆಗಿನ ಹಕ್ಕಿಚಿತ್ರಗಳ ಸಾಮಾನ್ಯ ದಾರಿಯಾಗಿತ್ತು. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.

ಕಾಕಾ ಪ್ರಿಂಟಿನ ಬಲಮೂಲೆಗೆ ಬೆರಳಿಟ್ಟರು. “ತಮ್ಮಾ, ಇಲ್ಲೆ ಎಲಿ ಇರಬೇಕಾಗಿತ್ತಲ್ಲ? ಗಾಳೀಗೆ ಹೋತೋ, ನೀ ಸರಿಸಿದ್ಯೋ?”

ಹುಡುಗ ಸುಳ್ಳು ಹೇಳಲಿಲ್ಲ. ಎರಡು ರೆಂಬೆಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿ, ಚಿತ್ರ ತೆಗೆದ ಮೇಲೆ ಬಿಚ್ಚಿದ್ದನಂತೆ. ಎಷ್ಟು ಹೊತ್ತು ಎಂದು ಕೇಳಿದರು. ಒಂದು ತಾಸಿನ ಮೇಲೆ. ಎಷ್ಟು ಗಂಟೆಗೆ? ಹತ್ತೂವರೆಗೆ. ಗರಿ ಮೂಡದ ಮರಿಗೆ ಬೇಸಗೆಯ ಹತ್ತೂವರೆಯ ಬಿಸಿಲು ಎಂದರೇನು, ಎಲೆಯ ಮರೆ ಹೋದರೆ ಕಾಗೆಗೆ ದಾರಿ ತೋರಿಸಿದ ಹಾಗೆ ಎಂಬುದನ್ನು ದ್ರಾಕ್ಷಿ ವ್ಯಾಪಾರಿಗಳು ನಿಧಾನವಾಗಿ ವಿವರಿಸಿದರು. ಯಾರೂ ಗದರಲಿಲ್ಲ. ಇನ್ನೊಬ್ಬ ಗೃಹಿಣಿ ಮಾತ್ರ, “ಆಮ್ಯಾಲ ಮರಿ ಏನಾದ್ವೊ?” ಎಂದರು. ನಾಲ್ಕು ದಿನ ಬಿಟ್ಟು ಹೋದಾಗ ಗೂಡು ಖಾಲಿಯಿತ್ತು ಎಂದ ಹುಡುಗ. ಹಾರಿಹೋದವೋ ಬೇರೇನಾಯಿತೋ ಅವನಿಗೆ ತಿಳಿಯದು. ಆ ಚಿತ್ರಕ್ಕೆ ಅವನ ಕಾಲೇಜಿನ ಗುಂಪಿನಲ್ಲಿ ಮುನ್ನೂರು ಹೆಬ್ಬೆರಳು ಬಂದಿದ್ದವು. ಎಲೆ ಎಲ್ಲಿ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಪ್ರಿಂಟು ಏಕೆ?

ಇಷ್ಟು ಕಟ್ಟುನಿಟ್ಟಾಗಿ ಪ್ರಿಂಟೇ ಬೇಕೇ ಎಂದು ನಾವು ಕೇಳಿದೆವು. ಇದಕ್ಕೆ ಲೆಕ್ಕ ಕೊಟ್ಟವರು ಬಟ್ಟೆ ವ್ಯಾಪಾರಿಗಳೇ. ಸಾಧಾರಣ ಫೋನು ಕೊಡುವ ಚಿತ್ರ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳದ್ದು, ಎಂದರೆ ಒಟ್ಟು 1 ಕೋಟಿ 20 ಲಕ್ಷ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಅದು ಸುಮಾರು 1600ಕ್ಕೆ 1200 ಆಗಿ, 20 ಲಕ್ಷದೊಳಗೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು! ಒಳ್ಳೆಯ ಪ್ರಿಂಟಿಗೆ ಅಂಗುಲಕ್ಕೆ 300 ಚುಕ್ಕಿ ಬೇಕು. ಮೂಲ ಚಿತ್ರದಿಂದ 12 ಅಂಗುಲದ ಪ್ರಿಂಟು ಸಲೀಸಾಗಿ ಬರುತ್ತದೆ, ಗುಂಪಿನಲ್ಲಿ ಬಂದದ್ದರಿಂದ ಐದು ಅಂಗುಲವೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಮದುವೆಯ ಚಿತ್ರಗಳೆಂದು ಉಳಿದಿರುವುದು ಈ ಆರನೆಯ ಪಾಲು ಮಾತ್ರ. ಮೂಲ ಇದ್ದ ಫೋನು ಎಂದೋ ಕೆಟ್ಟಿದೆ ಅಥವಾ ಹಳೆಯ ಫೋನಿನ ಬದಲಿಗೆ ಹೋಗಿದೆ. ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಚ್‌ಡಿ ಸೌಲಭ್ಯ 2023ರಲ್ಲಿ ಬಂದಿತು. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಚಿತ್ರ ಇದ್ದ ಹಾಗೆಯೇ ಹೋಗುತ್ತದೆ. ನಮ್ಮ ಓದುಗರು ಕನಿಷ್ಠ ಇಷ್ಟನ್ನು ಮನೆಯ ಹುಡುಗರಿಂದ ಕಲಿತುಕೊಳ್ಳಬೇಕು.

ಪ್ರಿಂಟಿನ ಇನ್ನೊಂದು ಲಾಭ ಅದರ ಬೆನ್ನು. ಊರು, ದಿನ, ಚಿತ್ರದಲ್ಲಿರುವವರು ಯಾರು ಎಂಬುದನ್ನು ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯುವುದು ಈ ಕೂಟದ ನಿಯಮ. ಬಾಲ್‌ಪೆನ್ನು ಒತ್ತಿದರೆ ಗೆರೆ ಮುಂಭಾಗಕ್ಕೆ ಮೂಡುತ್ತದೆ.

ಖಾಲಿ ಅಂಗಡಿ

ಕೊನೆಯ ಚಿತ್ರ ಅಕ್ಕಲಕೋಟೆಯ ತರುಣ ಕಿರಾಣಿ ವ್ಯಾಪಾರಿಯದು. ರಸ್ತೆ ಅಗಲ ಮಾಡುವುದಕ್ಕಾಗಿ ಅವರ ಹಳೆಯ ಅಂಗಡಿ ಹೋಯಿತು. ಒಡೆಯುವ ಹಿಂದಿನ ದಿನ ತೆಗೆದ ಕಪ್ಪು ಬಿಳುಪು ಚಿತ್ರ. ಗಾದಿಯ ಮೇಲೆ ತಂದೆ ಕುಳಿತಿದ್ದಾರೆ, ಹಿಂದೆ ಖಾಲಿ ಹಲಗೆಗಳ ಸಾಲು. ಬಾಗಿಲಿನಿಂದ ಬರುವ ಬೆಳಕು ಒಂದು ಕೆನ್ನೆಗೆ ಮಾತ್ರ.

“ಎಡಕ್ಕ ಅರ್ಧ ಚಿತ್ರ ಖಾಲಿ ಅದ. ಕತ್ತರಿಸಬೇಕಾಗಿತ್ತು” ಎಂದರು ಒಬ್ಬರು. ಸಲೂನಿನ ತೀರ್ಪುಗಾರರೂ ಅದನ್ನೇ ಹೇಳುತ್ತಿದ್ದರು. ಆಗ ಇನ್ನೊಬ್ಬರು, “ಅದು ಖಾಲಿ ಅಲ್ಲ, ಅಲ್ಲೆ ಎಣ್ಣಿ ಡಬ್ಬಿ ಇರತಿದ್ವು. ಮ್ಯಾಲ ಬೆಲ್ಲದ ಪೆಂಟಿ” ಎಂದರು. ಆ ಅಂಗಡಿಯನ್ನು ಬಲ್ಲವರು ನಾಲ್ಕೈದು ಜನರಿದ್ದರು. ಮಾತು ಚಿತ್ರವನ್ನು ಬಿಟ್ಟು ಹಲಗೆಯಿಂದ ಹಲಗೆಗೆ ಹೋಯಿತು.

ತಂದೆಯವರೂ ಮಗನೊಂದಿಗೆ ಬಂದಿದ್ದರು, ಅಲ್ಲಿಯ ತನಕ ಹಿಂದೆ ಕುಳಿತು ಒಂದು ಮಾತೂ ಆಡಿರಲಿಲ್ಲ. ಪ್ರಿಂಟನ್ನು ಕೇಳಿ ಇಸಿದುಕೊಂಡರು. ಕಿಟಕಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮಗನಿಗೆ, “ತಕ್ಕಡಿ ಎಲ್ಲೆ ಹೋತೋ?” ಎಂದರು.

ಗಾದಿಯ ಮುಂದೆ ತಕ್ಕಡಿ ಚೌಕಟ್ಟಿಗೆ ಅಡ್ಡ ಬರುತ್ತದೆಂದು ಮಗ ಅದನ್ನು ಪಕ್ಕಕ್ಕೆ ಇಟ್ಟು ಚಿತ್ರ ತೆಗೆದಿದ್ದರು. ತಕ್ಕಡಿ ಈಗಲೂ ಮನೆಯಲ್ಲಿದೆ. ಅಂಗಡಿ ಇಲ್ಲ. ಇನ್ನೊಂದು ಚಿತ್ರ ತೆಗೆದಿದ್ದಿರಾ ಎಂದು ನಾವು ಮೆಲ್ಲಗೆ ಕೇಳಿದೆವು, ಮಗ ತಲೆಯಾಡಿಸಿದರು. ಕಾಕಾ ಎದ್ದು ಹೋಗಿ ಪೆನ್ಸಿಲ್ ತಂದುಕೊಟ್ಟರು. ತಂದೆ ಹೇಳುತ್ತ ಹೋದರು, ಮಗ ಪ್ರಿಂಟಿನ ಬೆನ್ನಿಗೆ ಬರೆಯುತ್ತ ಹೋದರು: ತಕ್ಕಡಿ ಯಾವ ಕೊಂಡಿಗೆ ತೂಗುತ್ತಿತ್ತು, ಗಲ್ಲಾ ಪೆಟ್ಟಿಗೆ ಎಲ್ಲಿ, ಯಾವ ಹಲಗೆಯಲ್ಲಿ ಯಾವ ಡಬ್ಬಿ. ಬೆನ್ನು ತುಂಬಿತು. ಇನ್ನೊಂದು ಹಾಳೆ ಬೇಕಾಯಿತು.

ಐದು ಗಂಟೆಗೆ ಎಲೆ ಹಾಕಿದರು. ಮುಂದಿನ ಕೂಟ ಜತ್ತದಲ್ಲಿ, ದ್ರಾಕ್ಷಿ ಒಣಗಿಸುವ ಕಾಲಕ್ಕೆ. ವಿಷಯ ‘ಮಳೆ’ ಇರಲಿ ಎಂದು ಇಬ್ಬರು, ‘ಅಂಗಳ’ ಇರಲಿ ಎಂದು ಮೂವರು ವಾದಿಸಿದರು, ತೀರ್ಮಾನವಾಗಲಿಲ್ಲ. ಅಧ್ಯಕ್ಷರಿಲ್ಲದ ಬಳಗದ ತೊಂದರೆ ಇದು. ಅಂಚೆಯಲ್ಲಿ ಕಳಿಸುವವರು ಪ್ರಿಂಟನ್ನು ಸುರುಳಿ ಸುತ್ತದೆ, ಎರಡು ರಟ್ಟುಗಳ ನಡುವೆ ಇಟ್ಟು ಕಳಿಸಬೇಕೆಂದು ಕಾಕಾ ಎಲ್ಲರಿಗೂ ಮತ್ತೊಮ್ಮೆ ಹೇಳಿದರು.